ಹನೋಯಿಯ ಅಕ್ಕಿ, ಕಾಫಿ ಮತ್ತು ಗಾಳಿ

ಪರದೇಶಕ್ಕೆ ಹೋದವರು ಮೊದಲು ನೋಡುವುದು ಅಲ್ಲಿನ ಕಟ್ಟಡಗಳನ್ನು. ಮೊದಲು ನೆನೆಯುವುದು ತಮ್ಮ ಮನೆಯ ಊಟವನ್ನು. ರಜೆಯ ದಿನಗಳಲ್ಲಿ ವಿಯೆಟ್ನಾಮ್ ದೇಶವನ್ನು ನೋಡಿಬರುವ ಬೆಂಗಳೂರಿಗರು ಈಚಿನ ವರ್ಷಗಳಲ್ಲಿ ಹೆಚ್ಚುತ್ತಿದ್ದಾರೆ. ನನ್ನ ವಿದ್ಯಾರ್ಥಿಗಳಲ್ಲಿಯೂ ಕೆಲವರು ತಂದೆತಾಯಿಗಳೊಡನೆ ಹೋಗಿಬಂದರು. ಅವರು ತಂದ ಚಿತ್ರಗಳಲ್ಲಿ ಸರೋವರವುಂಟು, ಸೇತುವೆಯುಂಟು, ಬಣ್ಣದ ದೀಪಗಳ ಸಾಲುಂಟು. "ಊಟ ಹೇಗಿತ್ತು?" ಎಂದು ಕೇಳಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ: "ನಮಗೆ ಒಗ್ಗುವಂಥದ್ದು ಅಲ್ಲಿ ಏನೂ ಇಲ್ಲ, ಕಟ್ಟಿಕೊಂಡು ಹೋದ ಅವಲಕ್ಕಿ, ಚಟ್ನಿಪುಡಿಗಳಲ್ಲೇ ದಿನ ಕಳೆದೆವು."

ದಸರೆಯ ರಜೆಯಲ್ಲಿ ನಾನೂ ಆ ದೇಶದ ರಾಜಧಾನಿಯಾದ ಹನೋಯಿ ನಗರದಲ್ಲಿ ಒಂದು ವಾರವಿದ್ದೆನು. ಈ ಉತ್ತರ ನನಗೆ ಸರಿದೋರಲಿಲ್ಲ. ಅಲ್ಲಿನ ಬೀದಿಯ ಅಡುಗೆಯ ಮುಖ್ಯ ವಸ್ತು ಅಕ್ಕಿ. ಅಲ್ಲಿನ ಬೀದಿಯ ಮುಖ್ಯ ಪಾನೀಯ ಕಾಫಿ; ಅದೂ ಸೋಸಿ ತೆಗೆದ ಡಿಕಾಕ್ಷನ್ನಿನ ಕಾಫಿ. ರಾಜಾಜಿನಗರದಲ್ಲಿ ಬೆಳೆದವನಿಗೆ ಇವೆರಡೂ ಹೊಸವಲ್ಲ. ಬೇರೆಯಾಗಿರುವುದು ಕಾವನ್ನೂ ನೀರನ್ನೂ ಗಾಳಿಯನ್ನೂ ನಡೆಸಿಕೊಳ್ಳುವ ಕ್ರಮ. ಆ ಕ್ರಮವನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡಿದರೆ ಅಲ್ಲಿನ ಅಡುಗೆಯೂ ತಿಳಿಯುತ್ತದೆ, ನಮ್ಮ ಅಡುಗೆಮನೆಯೂ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ.

ಮೊದಲು ನೀರಿನ ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುಮಂಡಲದ ಒತ್ತಡ ಸಮುದ್ರತೀರದ ಒತ್ತಡದ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ. ಒತ್ತಡ ಇಳಿದಷ್ಟೂ ನೀರು ಬೇಗ ಕುದಿಯುತ್ತದೆ. ಮೇಲಕ್ಕೇರಿದ ಪ್ರತಿ ೩೦೦ ಮೀಟರಿಗೆ ಕುದಿಬಿಂದು ಸುಮಾರು ಒಂದು ಡಿಗ್ರಿಯಷ್ಟು ಕೆಳಗಿಳಿಯುವುದೆಂದು ಲೆಕ್ಕ. ಎಂದಮೇಲೆ ವಿಜಯನಗರದ ಅಡುಗೆಮನೆಯಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು ಪಠ್ಯಪುಸ್ತಕದ ೧೦೦ ಡಿಗ್ರಿಯಲ್ಲಲ್ಲ, ಸುಮಾರು ೯೭ ಡಿಗ್ರಿ ಸೆಂಟಿಗ್ರೇಡಿನಲ್ಲಿ. ಹನೋಯಿಯಾದರೋ ಕೆಂಪು ನದಿಯ ಬಯಲಿನಲ್ಲಿ, ಸಮುದ್ರಮಟ್ಟಕ್ಕೆ ಕೆಲವೇ ಮೀಟರುಗಳಷ್ಟು ಮೇಲೆ ಕುಳಿತಿರುವ ಊರು. ಅಲ್ಲಿ ಕುದಿಯುವ ನೀರು ನಿಜವಾಗಿಯೂ ೧೦೦ ಡಿಗ್ರಿಯ ನೀರು. ಮೂರು ಡಿಗ್ರಿಯ ವ್ಯತ್ಯಾಸ ಅಲ್ಪವೆಂದು ತೋರಬಹುದು. ತೊಗರಿಬೇಳೆಯನ್ನು ಕುಕ್ಕರಿಲ್ಲದೆ ಬೇಯಿಸಿ ನೋಡಿದವರು ಹಾಗೆನ್ನಲಾರರು.

ಈಗ ಅಕ್ಕಿ. ಹನೋಯಿಯ ಬೆಳಗು ಆರಂಭವಾಗುವುದು 'ಫೋ' ಎಂಬ ಖಾದ್ಯದಿಂದ. ಅಗಲವಾದ ಬೋಗುಣಿಯಲ್ಲಿ ಪಟ್ಟಿಪಟ್ಟಿಯಾದ ಅಕ್ಕಿಯ ಶಾವಿಗೆ, ಅದರ ಮೇಲೆ ಹಬೆಯಾಡುವ ತಿಳಿಸಾರು, ಮೇಲೊಂದಿಷ್ಟು ಹಸಿಸೊಪ್ಪು. ಕಾಲುದಾರಿಯ ಮೇಲೆ ಹಾಕಿದ ಗೇಣೆತ್ತರದ ಮಣೆಗಳಲ್ಲಿ ಕುಳಿತು ಜನ ಇದನ್ನು ತಿನ್ನುತ್ತಾರೆ. ಸಾರು ಕುದಿಯುವಷ್ಟು ಬಿಸಿ. ಆದರೂ ಅಕ್ಕಿಯ ಪಟ್ಟಿಗಳು ಅದರಲ್ಲಿ ಕರಗಿ ಗಂಜಿಯಾಗುವುದಿಲ್ಲ. ಅಕ್ಕಿಹಿಟ್ಟನ್ನು ಬಿಸಿನೀರಿಗೆ ಹಾಕಿದರೆ ಗಂಜಿಯಾಗುವುದೆಂದು ನಾವೆಲ್ಲರೂ ಬಲ್ಲೆವು. ಹಿಟ್ಟು ಗಂಜಿಯಾಗುವಲ್ಲಿ ಅದೇ ಹಿಟ್ಟಿನ ಶಾವಿಗೆ ಏಕೆ ಗಂಜಿಯಾಗದು? ಇದು ನಿಂತು ಯೋಚಿಸತಕ್ಕ ಪ್ರಶ್ನೆ.

ಗೋದಿಯ ಶಾವಿಗೆಯಾಗಿದ್ದರೆ ಉತ್ತರ ಸುಲಭ. ಗೋದಿಯ ಹಿಟ್ಟನ್ನು ನೀರಿನಲ್ಲಿ ನಾದಿದಾಗ ಅದರ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲೂಟೆನ್ ಎಂಬ ಎಳೆಯುವ ಬಲೆಯಾಗುತ್ತವೆ. ಹಸಿ ಹಿಟ್ಟನ್ನೇ ದಾರದಂತೆ ಎಳೆಯಬಹುದು. ಅಕ್ಕಿಯಲ್ಲಿ ಈ ಪ್ರೋಟೀನುಗಳಿಲ್ಲ. ಅಕ್ಕಿಹಿಟ್ಟನ್ನು ಎಷ್ಟು ನಾದಿದರೂ ಎಳೆದರೆ ಹರಿದುಹೋಗುತ್ತದೆ. ಆದಕಾರಣ ಅಕ್ಕಿಯನ್ನು ದಾರವಾಗಿಸಬೇಕೆಂಬವನು ಬೇರೆ ದಾರಿಯನ್ನು ಹುಡುಕಬೇಕು. ಕರ್ನಾಟಕದ ಮನೆಗಳಲ್ಲಿಯೂ ಕೆಂಪು ನದಿಯ ಬಯಲಿನಲ್ಲಿಯೂ ಕಂಡುಕೊಂಡ ದಾರಿ ಒಂದೇ ಆಗಿದೆ: ಮೊದಲು ಬೇಯಿಸು, ಬಳಿಕ ಆಕಾರಕೊಡು, ಆಮೇಲೆ ಆರಿಸು.

ಅಕ್ಕಿಯ ತೂಕದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕು ಪಿಷ್ಟವಿದೆ. ಪಿಷ್ಟವು ಸಣ್ಣ ಹರಳುಗಳಾಗಿ ಅಡಕಗೊಂಡಿರುತ್ತದೆ. ಅಕ್ಕಿಯ ಹರಳು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಚಿಕ್ಕದು. ಒಂದೊಂದು ಹರಳಿನೊಳಗೂ ಗ್ಲೂಕೋಸಿನ ಕೊಂಡಿಗಳಿಂದಾದ ಎರಡು ಬಗೆಯ ಸರಪಳಿಗಳಿವೆ. ಅಮಿಲೋಸ್ ಎಂಬುದು ಬಹುಮಟ್ಟಿಗೆ ನೇರವಾದ ಉದ್ದನೆಯ ಸರಪಳಿ. ಅಮಿಲೋಪೆಕ್ಟಿನ್ ಎಂಬುದು ಆಲದ ಮರದಂತೆ ಕೊಂಬೆಯಲ್ಲಿ ಕೊಂಬೆ ಒಡೆದದ್ದು. ತಣ್ಣೀರಿನಲ್ಲಿ ಹರಳಿಗೆ ಏನೂ ಆಗುವುದಿಲ್ಲ. ನೀರಿನ ಉಷ್ಣತೆ ೬೫ರಿಂದ ೮೦ ಡಿಗ್ರಿಯ ನಡುವೆ ಏರಿದಾಗ, ಅಕ್ಕಿಯ ಜಾತಿಯನ್ನನುಸರಿಸಿ, ಹರಳುಗಳು ನೀರನ್ನು ಹೀರಿ ಊದಿಕೊಂಡು ಒಡೆಯುತ್ತವೆ. ನೇರ ಸರಪಳಿಗಳು ಹೊರಬಂದು ನೀರಿನಲ್ಲಿ ಹರಡುತ್ತವೆ. ಇದೇ ಗಂಜಿ, ಇದೇ ಅಂಟು.

ಮುಖ್ಯವಾದದ್ದು ಇದರ ಮುಂದಿನ ಹಂತ. ಅಂಟು ಆರತೊಡಗಿದಾಗ ಅಲೆದಾಡುತ್ತಿದ್ದ ಅಮಿಲೋಸ್ ಸರಪಳಿಗಳು ಒಂದರ ಪಕ್ಕದಲ್ಲೊಂದು ಸಾಲಾಗಿ ಕೂಡಿ, ಎರಡೆರಡು ಸುತ್ತಿಕೊಂಡು, ಹೊಸದೊಂದು ಹರಳಿನ ವ್ಯವಸ್ಥೆಯನ್ನು ಕಟ್ಟಿಕೊಳ್ಳುತ್ತವೆ. ರಾತ್ರಿಯ ಅನ್ನ ಬೆಳಗಾಗುವುದರೊಳಗೆ ಗಟ್ಟಿಯಾಗುವುದಕ್ಕೂ ಇದೇ ಬಗೆಯ ಮರುಜೋಡಣೆ ಕಾರಣ. ಅಮಿಲೋಪೆಕ್ಟಿನ್ ಕೊಂಬೆಗಳ ಜೋಡಣೆ ಸಡಿಲವಾದದ್ದು. ಮತ್ತೆ ಬಿಸಿಮಾಡಿದರೆ ಬಿಚ್ಚಿಕೊಂಡು ಅನ್ನ ಮೆತ್ತಗಾಗುತ್ತದೆ. ಆದರೆ ಒಮ್ಮೆ ಜೋಡಿಗೊಂಡ ಅಮಿಲೋಸ್ ಹರಳುಗಳು ಕರಗಬೇಕಾದರೆ ೧೦೦ ಡಿಗ್ರಿಯನ್ನು ಚೆನ್ನಾಗಿ ಮೀರಿದ ಉಷ್ಣತೆ ಬೇಕು. ತೆರೆದ ಪಾತ್ರೆಯ ಸಾರು ೧೦೦ನ್ನು ದಾಟಲಾರದು. ಹೀಗಾಗಿ ಸಾರು ಎಷ್ಟು ಕುದಿದರೂ ಶಾವಿಗೆಯ ಒಳಗಟ್ಟು ಬಿಚ್ಚದು. ಬೋಗುಣಿಯ ಪ್ರಶ್ನೆಗೆ ಉತ್ತರ ಇದೇ. ಹಿಟ್ಟು ಇನ್ನೂ ಮೊದಲ ಹರಳಿನ ಸ್ಥಿತಿಯಲ್ಲಿದೆ, ಶಾವಿಗೆ ಎರಡನೆಯ ಹರಳಿನ ಸ್ಥಿತಿಯಲ್ಲಿದೆ.

ಫೋ ಪಟ್ಟಿಗಳನ್ನು ಮಾಡುವ ಕ್ರಮ ಹೀಗೆ. ನೆನೆಸಿದ ಅಕ್ಕಿಯನ್ನು ನೀರುಹಾಕಿ ನುಣ್ಣಗೆ ರುಬ್ಬುತ್ತಾರೆ. ನೀರು ಕುದಿಯುವ ಹಂಡೆಯ ಬಾಯಿಗೆ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಅದರ ಮೇಲೆ ಒಂದು ಸೌಟು ಹಿಟ್ಟನ್ನು ತೆಳ್ಳಗೆ ಹರಡಿ ಮುಚ್ಚುತ್ತಾರೆ. ಹಾಳೆಯಾಗಿ ಬೆಂದದ್ದನ್ನು ಬಿದಿರಿನ ಕಡ್ಡಿಯಿಂದ ಎತ್ತಿ ಆರಹಾಕಿ, ಗಟ್ಟಿಯಾದ ಮೇಲೆ ಪಟ್ಟಿಗಳಾಗಿ ಕತ್ತರಿಸುತ್ತಾರೆ. ಆರಿಸದೆ ಬಿಸಿಯಲ್ಲೇ ಸುರುಳಿಸುತ್ತಿ ಒಳಗೆ ಪಲ್ಯವಿಟ್ಟರೆ ಅದು 'ಬಾನ್ ಕುವೊನ್'. ಬಿದಿರಿನ ಚಾಪೆಯ ಮೇಲೆ ಬಿಸಿಲಿಗೆ ಒಣಗಿಸಿದರೆ 'ಬಾನ್ ಚಾಂಗ್', ಅಂದರೆ ಅಕ್ಕಿಯ ಕಾಗದ. ನಮ್ಮ ಅಕ್ಕಿ ಹಪ್ಪಳದ ಸೋದರಿ. ಚಾಪೆಯ ನೇಯ್ಗೆಯ ಗುರುತು ಅದರ ಮೇಲೆ ಅಚ್ಚೊತ್ತಿರುತ್ತದೆ.

ನಮ್ಮ ಒತ್ತುಶಾವಿಗೆಯನ್ನು ನೆನೆಯಿರಿ. ನೆನೆಸಿ ರುಬ್ಬಿದ ಅಕ್ಕಿಯನ್ನು ಒಲೆಯ ಮೇಲೆ ಮಗುಚಿ ಮುದ್ದೆ ಮಾಡಿ, ಉಂಡೆ ಕಟ್ಟಿ, ಮತ್ತೆ ಬೇಯಿಸಿ, ಬಿಸಿಬಿಸಿಯಾಗಿರುವಾಗಲೇ ಶಾವಿಗೆಯ ಒರಳಿಗೆ ಹಾಕಿ ಒತ್ತುತ್ತಾರೆ. "ಆರುವುದರೊಳಗೆ ಒತ್ತಿ" ಎಂದು ಮನೆಯ ಹಿರಿಯರು ಅವಸರಪಡಿಸುವುದು ಸುಮ್ಮನೆಯಲ್ಲ. ಉಂಡೆ ಆರಿತೆಂದರೆ ಅಮಿಲೋಸ್ ಸರಪಳಿಗಳು ಒರಳಿನೊಳಗೇ ಜೋಡಿಗೊಳ್ಳತೊಡಗುತ್ತವೆ. ಆಮೇಲೆ ಇಬ್ಬರು ಸೇರಿ ತಿರುಗಿಸಿದರೂ ಎಳೆ ಇಳಿಯದು. ಬಿಸಿಯಲ್ಲಿ ಒತ್ತಿ, ತಟ್ಟೆಗೆ ಬಿದ್ದ ಮೇಲೆ ಜೋಡಿಗೊಳ್ಳುವಂತೆ ಮಾಡುವುದೇ ಇದರ ಕೌಶಲ. ಹನೋಯಿಯ 'ಬುನ್' ಎಂಬ ದುಂಡು ಶಾವಿಗೆಯನ್ನೂ ತೂತಿನ ಅಚ್ಚಿನಿಂದಲೇ ಒತ್ತುವರು. ನೇರವಾಗಿ ಕುದಿಯುವ ನೀರಿಗೆ ಇಳಿಸುವರೆಂಬುದಷ್ಟೇ ಭೇದ. ಕಾಯಿಹಾಲು ಬೆಲ್ಲದೊಡನೆ ಶಾವಿಗೆಯನ್ನು ತಿನ್ನುವವರಿಗೆ 'ಬುನ್' ಪರಕೀಯವಾಗಿ ತೋರಬೇಕಾದದ್ದಿಲ್ಲ.

ಅಮಿಲೋಸ್ ಕಡಿಮೆಯಿರುವ ಅಕ್ಕಿಯಿಂದ ಶಾವಿಗೆ ಆಗದು. ವಿಯೆಟ್ನಾಮಿನಲ್ಲಿ ಅಂಟಕ್ಕಿ ಎಂಬ ಬೇರೊಂದು ಜಾತಿಯುಂಟು. ಅದರಲ್ಲಿ ಅಮಿಲೋಸ್ ಇಲ್ಲವೆಂದೇ ಹೇಳಬಹುದು. ಅದನ್ನು ಹಬೆಯಲ್ಲಿ ಬೇಯಿಸಿ 'ಸೊಯಿ' ಎಂಬ ಹೆಸರಿನಿಂದ ಬೆಳಗಿನ ತಿಂಡಿಯಾಗಿ ಮಾರುತ್ತಾರೆ. ಅದು ಕೈಗೆ ಮೆತ್ತಿಕೊಳ್ಳುತ್ತದೆಯೇ ಹೊರತು ಎಳೆಯಾಗುವುದಿಲ್ಲ.

ಸಸ್ಯಾಹಾರಿಗಳಿಗೆ ಇಲ್ಲೊಂದು ಮಾತು. ಫೋ ಸಾರನ್ನು ಸಾಮಾನ್ಯವಾಗಿ ದನದ ಅಥವಾ ಕೋಳಿಯ ಮೂಳೆಗಳಿಂದ ಗಂಟೆಗಟ್ಟಲೆ ಕುದಿಸಿ ತೆಗೆಯುತ್ತಾರೆ. ಉಪ್ಪಿನಲ್ಲಿ ತಿಂಗಳುಗಟ್ಟಲೆ ಕಳಿಸಿದ ಮೀನಿನ ರಸವನ್ನು ಬಹುತೇಕ ಅಡುಗೆಗಳಿಗೆ ಬೆರೆಸುತ್ತಾರೆ. ಆದರೆ ಬೌದ್ಧರು ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನ ಮಾಂಸವನ್ನು ಬಿಡುವ ವಾಡಿಕೆಯುಳ್ಳ ದೇಶ ಅದು. 'ಚಾಯ್' ಎಂಬ ಫಲಕವಿರುವ ಅಂಗಡಿಗಳಲ್ಲಿ ಸಸ್ಯಾಹಾರವೇ ದೊರೆಯುತ್ತದೆ. ಈ ಶಬ್ದಕ್ಕೂ ನಮ್ಮ ಚಹಕ್ಕೂ ಸಂಬಂಧವಿಲ್ಲ. ಒಂದು ಶಬ್ದವನ್ನು ಕಲಿತಿದ್ದರೆ ಅವಲಕ್ಕಿಯ ಗಂಟು ಅರ್ಧಕ್ಕೆ ಇಳಿಯುತ್ತಿತ್ತು.

ಆ ಸಾರಿನ ಪರಿಮಳ ನಮಗೆ ಪರಿಚಿತವೇ. ಚಕ್ಕೆಯೊಡನೆ ಅದರಲ್ಲಿ ಬೀಳುವುದು ನಕ್ಷತ್ರಾಕಾರದ ಚಕ್ರಮೊಗ್ಗು; ವಿಯೆಟ್ನಾಮಿನ ಉತ್ತರದ ಲಾಂಗ್ ಸೋನ್ ಸೀಮೆ ಅದರ ಬೆಳೆಗೆ ಪ್ರಸಿದ್ಧ. ಅದರ ವಾಸನೆಗೆ ಕಾರಣವಾದ ಅನಿಥೋಲ್ ಎಂಬ ವಸ್ತುವೇ ನಮ್ಮ ಸೋಂಪಿನಲ್ಲಿಯೂ ಇದೆ. ಅನಿಥೋಲ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಎಣ್ಣೆ ಕೊಬ್ಬುಗಳಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ನಮ್ಮವರು ಮಸಾಲೆಯನ್ನು ಎಣ್ಣೆಯಲ್ಲಿ ಹುರಿಯುತ್ತಾರೆ. ಅಲ್ಲಿನವರು ಒಣಗಾಗಿಯೇ ಹುರಿದು, ಕೊಬ್ಬು ತೇಲುವ ಸಾರಿಗೆ ಹಾಕುತ್ತಾರೆ. ಎರಡರಲ್ಲಿಯೂ ಪರಿಮಳವನ್ನು ಹೊತ್ತು ತರುವುದು ಕೊಬ್ಬೇ. ಸಾಂದರ್ಭಿಕವಾಗಿ ಹೇಳುವುದಾದರೆ, ಫ್ಲೂ ಜ್ವರದ ಔಷಧಿಯಾದ ಓಸೆಲ್ಟಾಮಿವಿರನ್ನು ತಯಾರಿಸಲು ಬೇಕಾದ ಶಿಕಿಮಿಕ್ ಆಮ್ಲವನ್ನು ಇದೇ ಚಕ್ರಮೊಗ್ಗಿನಿಂದ ತೆಗೆಯುತ್ತ ಬಂದಿದ್ದಾರೆ.

ಇನ್ನು ಕಾಫಿ. ವಿಯೆಟ್ನಾಮಿಗೆ ಕಾಫಿಯ ಗಿಡವನ್ನು ೧೮೫೭ರಲ್ಲಿ ಫ್ರೆಂಚ್ ಪಾದ್ರಿಗಳು ತಂದರೆಂದು ಹೇಳುತ್ತಾರೆ. ಅಲ್ಲಿನವರು ಕಾಫಿ ಸೋಸುವ ಪಾತ್ರೆಗೆ 'ಫಿನ್' ಎನ್ನುವರು. ಫ್ರೆಂಚರ 'ಫಿಲ್ತ್ರ್' ಎಂಬ ಮಾತು ಅವರ ನಾಲಗೆಯಲ್ಲಿ ಹೀಗಾಯಿತು, ನಾವು 'ಫಿಲ್ಟರು' ಎಂದುಕೊಂಡಂತೆ. ಫಿನ್ ಎಂಬುದು ತಳದಲ್ಲಿ ಸಣ್ಣ ತೂತುಗಳಿರುವ ಪುಟ್ಟ ಲೋಹದ ಬಟ್ಟಲು. ಅದನ್ನು ಗಾಜಿನ ಲೋಟದ ಮೇಲಿಟ್ಟು, ಪುಡಿ ಹಾಕಿ, ತೂತಿನ ಬಿಲ್ಲೆಯಿಂದ ಅದುಮಿ, ಬಿಸಿನೀರು ಹೊಯ್ದು ಮುಚ್ಚಳವಿಡುತ್ತಾರೆ. ನಾಲ್ಕೈದು ನಿಮಿಷಗಳಲ್ಲಿ ಹನಿಹನಿಯಾಗಿ ಕಾಫಿ ಇಳಿದು ಮುಗಿಯುತ್ತದೆ. ನಮ್ಮ ಮನೆಯ ಫಿಲ್ಟರಿನಲ್ಲಾದರೋ ಕಾಲು ಗಂಟೆಗೆ ಕಡಿಮೆಯಿಲ್ಲ. ಕೆಲವರು ರಾತ್ರಿ ಹಾಕಿ ಬೆಳಗ್ಗೆ ತೆಗೆಯುವುದೂ ಉಂಟು. ಎರಡು ಪಾತ್ರೆಗಳ ರಚನೆ ಹೆಚ್ಚು ಕಡಿಮೆ ಒಂದೇ ಆಗಿರುವಾಗ ವೇಗದಲ್ಲಿ ಇಷ್ಟು ಅಂತರವೇಕೆ?

ಈ ಪ್ರಶ್ನೆಗೆ ಬೇಕಾದ ನಿಯಮವನ್ನು ೧೮೫೬ರಲ್ಲಿ ಆನ್ರಿ ದಾರ್ಸಿ ಎಂಬ ಫ್ರೆಂಚ್ ಇಂಜಿನಿಯರು ಪ್ರಕಟಿಸಿದನು. ದಿಜೋನ್ ನಗರದ ನೀರು ಸರಬರಾಜಿಗಾಗಿ ಮರಳಿನ ಮೂಲಕ ನೀರು ಹರಿಯುವ ಬಗೆಯನ್ನು ಆತನು ಪರೀಕ್ಷಿಸಿದನು. ಮರಳಿನ ಪದರದ ಮೇಲೆ ನಿಂತ ನೀರಿನ ಒತ್ತಡ ಹೆಚ್ಚಿದಷ್ಟೂ ಹರಿವು ಹೆಚ್ಚುತ್ತದೆ. ಪದರ ದಪ್ಪವಾದಷ್ಟೂ ಹರಿವು ತಗ್ಗುತ್ತದೆ. ಇದರೊಡನೆ ಎರಡು ಸಂಗತಿಗಳನ್ನು ಸೇರಿಸಬೇಕು. ದ್ರವದ ಸ್ನಿಗ್ಧತೆ ಹೆಚ್ಚಾದರೆ ಹರಿವು ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಕಣಗಳ ಗಾತ್ರ ಕಿರಿದಾದರಂತೂ ಅದರ ವರ್ಗದ ಪ್ರಮಾಣದಲ್ಲಿ ಕುಗ್ಗುತ್ತದೆ. ಪುಡಿಯ ಕಣದ ವ್ಯಾಸ ಅರ್ಧವಾದರೆ ಹರಿವು ಕಾಲುಭಾಗಕ್ಕೆ ಇಳಿಯಿತೆಂದು ತಿಳಿಯಬೇಕು. ಫಿನ್‌ಗೆ ಹಾಕುವ ಪುಡಿ ತರಿತರಿ. ಬೆಂಗಳೂರಿನ ಪುಡಿ ಅದಕ್ಕಿಂತ ನುಣುಪು, ಅದರಲ್ಲಿ ಚಿಕೋರಿ ಬೇರೆ. ಚಿಕೋರಿ ನೀರಿನಲ್ಲಿ ನೆನೆದು ರಸವನ್ನು ದಪ್ಪಗೊಳಿಸುತ್ತದೆ. ವೇಗದ ಅಂತರಕ್ಕೆ ಮುಖ್ಯ ಕಾರಣ ಇಲ್ಲಿದೆ.

ನೀರಿನ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ೯೫ ಡಿಗ್ರಿಯ ನೀರಿನ ಸ್ನಿಗ್ಧತೆ ೨೫ ಡಿಗ್ರಿಯ ನೀರಿನದರ ಮೂರನೆಯ ಒಂದು ಪಾಲು ಮಾತ್ರ. ಎಂದಮೇಲೆ ಆರಿದ ನೀರು ಮೂರು ಪಟ್ಟು ನಿಧಾನವಾಗಿ ಇಳಿಯುತ್ತದೆ. ಮುಚ್ಚಳವನ್ನು ಮರೆಯಬೇಡಿ ಎಂದು ತಾಯಂದಿರು ಹೇಳುವುದು ಪರಿಮಳಕ್ಕಾಗಿ ಮಾತ್ರವಲ್ಲ.

ಇನ್ನೊಂದು ಕಾರಣವನ್ನು ನಮ್ಮವರು ಹೆಚ್ಚಾಗಿ ಗಮನಿಸಿಲ್ಲ. ನಮ್ಮ ಫಿಲ್ಟರಿನ ಮೇಲಿನ ಪಾತ್ರೆ ಕೆಳಗಿನದರ ಬಾಯಿಯಲ್ಲಿ ಬಿಗಿಯಾಗಿ ಕೂರುತ್ತದೆ. ಕೆಳಗಿನ ಪಾತ್ರೆಯಲ್ಲಿ ಮೊದಲೇ ಗಾಳಿಯಿದೆ. ಒಂದು ಹನಿ ಒಳಗೆ ಬಿದ್ದರೆ ಅಷ್ಟೇ ಗಾತ್ರದ ಗಾಳಿ ಹೊರಗೆ ಹೋಗಬೇಕು. ಸಂದಿಯಲ್ಲಿ ತೇವ ನಿಂತು ದಾರಿ ಮುಚ್ಚಿದರೆ ಒಳಗಿನ ಗಾಳಿ ಅದುಮಿಕೊಳ್ಳುತ್ತದೆ. ಮೇಲಿನ ಪಾತ್ರೆಯಲ್ಲಿ ೫ ಸೆಂಟಿಮೀಟರ್ ನೀರು ನಿಂತಿದೆಯೆನ್ನೋಣ. ಅದರ ಒತ್ತಡ ವಾಯುಮಂಡಲದ ಒತ್ತಡದ ಇನ್ನೂರರಲ್ಲಿ ಒಂದು ಪಾಲು. ಅಂದರೆ ಕೆಳಗಿನ ೨೦೦ ಮಿಲಿಲೀಟರ್ ಗಾಳಿ ಕೇವಲ ಒಂದು ಮಿಲಿಲೀಟರಿನಷ್ಟು ಕುಗ್ಗಿದರೆ ಸಾಕು, ಮೇಲಿನ ನೀರಿನ ಭಾರಕ್ಕೆ ಸರಿಸಮವಾಗಿ ಎದುರು ನಿಲ್ಲುತ್ತದೆ. ಇಪ್ಪತ್ತು ಹನಿ ಇಳಿಯುವುದರೊಳಗೆ ಡಿಕಾಕ್ಷನ್ ನಿಂತುಹೋಗುತ್ತದೆ! ಬಿಸಿಯಿಂದ ಆ ಗಾಳಿ ಹಿಗ್ಗುವುದೂ ಸೇರಿದರೆ ಕೇಳಬೇಕಾದದ್ದೇ ಇಲ್ಲ. "ಫಿಲ್ಟರು ಕಟ್ಟಿಕೊಂಡಿತು" ಎಂದು ನಾವು ಪುಡಿಯನ್ನು ದೂರುತ್ತೇವೆ, ಚಮಚದಿಂದ ತಟ್ಟುತ್ತೇವೆ, ತಟ್ಟಿದೊಡನೆ ಇಳಿಯುತ್ತದೆ. ಎಷ್ಟೋ ಸಲ ತಟ್ಟುವುದರಿಂದ ಬಿಡುಗಡೆಯಾದದ್ದು ಪುಡಿಯಲ್ಲ, ಗಾಳಿ. ಹನೋಯಿಯ ಫಿನ್ ಲೋಟದ ಮೇಲೆ ಸಡಿಲವಾಗಿ ಕುಳಿತಿರುವುದರಿಂದ ಅದಕ್ಕೆ ಈ ರೋಗವಿಲ್ಲ. ಮುಂದಿನ ಬಾರಿ ಫಿಲ್ಟರು ನಿಂತಾಗ ತಟ್ಟಬೇಡಿ. ಮೇಲಿನ ಪಾತ್ರೆಯನ್ನು ಕೂದಲೆಳೆಯಷ್ಟು ಎತ್ತಿ ಮತ್ತೆ ಇಡಿ. ಹನಿಗಳು ಮತ್ತೆ ಹೊರಟರೆ ಅಡ್ಡಿಯಾಗಿದ್ದದ್ದು ಗಾಳಿ, ಹೊರಡದಿದ್ದರೆ ಪುಡಿ.

ಲೋಟದ ತಳದಲ್ಲಿ ಅವರು ಮೊದಲೇ ಹಾಕಿಡುವುದು ಡಬ್ಬಿಯ ಗಟ್ಟಿಹಾಲು. ಹೈನುಗಾರಿಕೆಯ ರೂಢಿಯಿಲ್ಲದ ಬಿಸಿಲಿನ ದೇಶದಲ್ಲಿ ಫ್ರೆಂಚರಿಗೆ ತಾಜಾ ಹಾಲು ದೊರೆಯುವುದು ಕಷ್ಟವಾಗಿತ್ತು; ಡಬ್ಬಿಯ ಹಾಲು ಬಂದಿತು, ಬಂದದ್ದು ನಿಂತಿತು. ಅಮೆರಿಕದ ಗೇಲ್ ಬೋರ್ಡನ್ ಎಂಬಾತನು ಹಾಲನ್ನು ನಿರ್ವಾತದಲ್ಲಿ ಬತ್ತಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದದ್ದು, ದಾರ್ಸಿಯ ನಿಯಮ ಹೊರಬಂದ ೧೮೫೬ರಲ್ಲಿಯೇ. ಒತ್ತಡ ತಗ್ಗಿದರೆ ಕುದಿಬಿಂದು ತಗ್ಗುವುದೆಂದು ಮೇಲೆ ನೋಡಿದೆವಷ್ಟೆ. ಬೋರ್ಡನ್ ಅದನ್ನೇ ಬಳಸಿ ಹಾಲು ಸೀಯದಂತೆ ನೀರನ್ನು ಹೊರಡಿಸಿದನು. ಸಕ್ಕರೆ ಬೆರೆತ ಈ ಹಾಲಿನ ಸಾಂದ್ರತೆ ನೀರಿನದರ ೧.೩ರಷ್ಟು. ಆದುದರಿಂದ ಮೇಲೆ ಬಿದ್ದ ಕಾಫಿ ಅದರೊಡನೆ ಬೆರೆಯದೆ, ಬಿಳಿಯ ಮೇಲೆ ಕಪ್ಪಾಗಿ ಎರಡು ಪದರಗಳು ನಿಲ್ಲುತ್ತವೆ. ಕಲಕುವುದು ಕುಡಿಯುವವನ ಕೆಲಸ. ೧೯೪೬ರಲ್ಲಿ ಹಾಲಿನ ಅಭಾವವಾದಾಗ ಹನೋಯಿಯ ಮೆಟ್ರೊಪೋಲ್ ಹೋಟೆಲಿನ ನುಯೆನ್ ವಾನ್ ಜಾಂಗ್ ಎಂಬಾತನು ಮೊಟ್ಟೆಯ ಹಳದಿಯನ್ನು ಸಕ್ಕರೆಯೊಡನೆ ಕಡೆದು ನೊರೆಯೆಬ್ಬಿಸಿ ಕಾಫಿಯ ಮೇಲೆ ಹಾಕಿದನು. ಹಳದಿಯ ಪ್ರೋಟೀನು ಮತ್ತು ಲೆಸಿಥಿನ್ ಗುಳ್ಳೆಗಳ ಗೋಡೆಗಳನ್ನು ಗಟ್ಟಿಯಾಗಿ ಹಿಡಿಯುತ್ತವೆ. ಗಾಳಿ ತುಂಬಿದ ಆ ನೊರೆ ಕಂಬಳಿಯಂತೆ ಕಾಫಿಯ ಕಾವನ್ನು ಕಾಯುತ್ತದೆ. ಒಂದು ಲೋಟದಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ದು ನಾವು ಎಬ್ಬಿಸುವ ನೊರೆಯಲ್ಲಿ ಅದೇ ಕೆಲಸವನ್ನು ಹಾಲಿನ ಪ್ರೋಟೀನು ಮಾಡುತ್ತದೆ.

ಕಾಫಿಯ ಬೀಜದ ವಿಚಾರ ಕಿಸೆಗೂ ಸಂಬಂಧಪಟ್ಟದ್ದು. ಬ್ರೆಜಿಲನ್ನು ಬಿಟ್ಟರೆ ಜಗತ್ತಿನಲ್ಲಿ ಅತ್ಯಧಿಕ ಕಾಫಿ ಬೆಳೆಯುವ ದೇಶ ವಿಯೆಟ್ನಾಮ್. ಅದರಲ್ಲಿ ಬಹುಪಾಲು ರೋಬಸ್ಟಾ. ಅರೇಬಿಕಾಕ್ಕಿಂತ ಕಹಿ, ಹೆಚ್ಚುಕಡಿಮೆ ಎರಡರಷ್ಟು ಕೆಫೀನ್, ರೋಗವನ್ನು ತಡೆಯುವ ಶಕ್ತಿ ಇದರ ಲಕ್ಷಣಗಳು. ಭಾರತದ ಕಾಫಿಯ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದು; ನಮ್ಮಲ್ಲಿಯೂ ಈಗ ರೋಬಸ್ಟಾದ ಪಾಲೇ ಹೆಚ್ಚು. ವಿಯೆಟ್ನಾಮಿನ ಡಾಕ್ ಲಾಕ್ ಮೊದಲಾದ ಎತ್ತರದ ಸೀಮೆಗಳಲ್ಲಿ ಮಳೆ ತಪ್ಪಿ ಬರ ಬಂದಾಗ, ೨೦೨೪ರಲ್ಲಿ ಲಂಡನ್ ಪೇಟೆಯಲ್ಲಿ ರೋಬಸ್ಟಾದ ಬೆಲೆ ಟನ್ನಿಗೆ ೫,೦೦೦ ಡಾಲರನ್ನು ದಾಟಿತು. ಕೊಡಗಿನ ಬೆಳೆಗಾರರಿಗೆ ಒಳ್ಳೆಯ ಬೆಲೆ ಬಂದಿತು. ರಾಜಾಜಿನಗರದಲ್ಲಿ ಪುಡಿ ಮಾಡಿಸಿಕೊಳ್ಳಲು ಹೋದವರು ಹೆಚ್ಚು ತೆತ್ತರು. ನಮ್ಮ ಬೆಳಗಿನ ಲೋಟಕ್ಕೂ ಅಲ್ಲಿನ ಮೋಡಕ್ಕೂ ಇಷ್ಟು ಹತ್ತಿರದ ನಂಟು.

ನೋಡತಕ್ಕ ಸ್ಥಳಗಳ ವಿಷಯವನ್ನು ಪ್ರವಾಸದ ಪುಸ್ತಕಗಳಿಗೆ ಬಿಡಬಹುದು. ಲಾಂಗ್ ಬಿಯೆನ್ ಸೇತುವೆಯ ಬಗ್ಗೆ ಮಾತ್ರ ಒಂದು ಮಾತು. ೧೮೯೯ರಿಂದ ೧೯೦೨ರವರೆಗೆ ಕಟ್ಟಿದ ಈ ಉಕ್ಕಿನ ಸೇತುವೆಯನ್ನು ಐಫೆಲ್ ಗೋಪುರದ ಐಫೆಲನೇ ಕಟ್ಟಿದನೆಂದು ಮಾರ್ಗದರ್ಶಕರು ಹೇಳುವುದುಂಟು. ಕಟ್ಟಿದ್ದು ದೈದೆ ಮತ್ತು ಪಿಯೆ ಎಂಬ ಬೇರೊಂದು ಫ್ರೆಂಚ್ ಸಂಸ್ಥೆ. ಅದರ ಉದ್ದ ಸುಮಾರು ೧,೭೦೦ ಮೀಟರ್. ಚಳಿಗಾಲದಿಂದ ಬೇಸಗೆಗೆ ಉಕ್ಕಿನ ಉಷ್ಣತೆ ೩೦ ಡಿಗ್ರಿ ಏರಿದರೆ ಇಡೀ ಸೇತುವೆ ಒಟ್ಟಿನಲ್ಲಿ ೬೦ ಸೆಂಟಿಮೀಟರಿನಷ್ಟು ಹಿಗ್ಗಬೇಕು. ನಡೆಯುವಾಗ ಕಾಲಡಿಯಲ್ಲಿ ಸಿಗುವ ಸಂದುಗಳನ್ನು ಎಣಿಸುತ್ತ ಹೋದರೆ ಆ ೬೦ ಸೆಂಟಿಮೀಟರು ಎಲ್ಲಿ ಹಂಚಿಹೋಗಿದೆಯೆಂಬುದು ಕಾಣುತ್ತದೆ.

ಸೇತುವೆಗಿಂತಲೂ ನನ್ನ ಗಮನ ಸೆಳೆದದ್ದು ಹಳೆಯ ಪೇಟೆಯ ಮನೆಗಳು. ಹ್ವಾನ್ ಕಿಯೆಮ್ ಸರೋವರದ ಉತ್ತರಕ್ಕೆ ಹರಡಿರುವ ಆ ಪೇಟೆಯಲ್ಲಿ ಬೀದಿಯ ಕಡೆಗೆ ಮೂರು ನಾಲ್ಕು ಮೀಟರ್ ಅಗಲದ ಮುಖ, ಹಿಂದಕ್ಕೆ ಹತ್ತಾರು ಮೀಟರ್ ಉದ್ದದ ದೇಹ. 'ಕೊಳವೆ ಮನೆ' ಎಂದೇ ಅವಕ್ಕೆ ಹೆಸರು. ಎರಡು ಪಕ್ಕಗಳಲ್ಲಿಯೂ ನೆರೆಮನೆಯ ಗೋಡೆ, ಕಿಟಕಿಯಿಡಲು ಸ್ಥಳವಿಲ್ಲ. ಇಂಥ ಕೊಳವೆಯಲ್ಲಿ ಜನ ಉಸಿರಾಡಿದ್ದು ಹೇಗೆ? ಮಾ ಮೈ ಬೀದಿಯ ೮೭ನೆಯ ನಂಬರಿನ ಹಳೆಯ ಮನೆಯನ್ನು ೧೯೯೯ರಲ್ಲಿ ಜೀರ್ಣೋದ್ಧಾರ ಮಾಡಿ ಸಾರ್ವಜನಿಕರಿಗೆ ತೆರೆದಿದ್ದಾರೆ. ಒಳಗೆ ಹೋದರೆ ಉತ್ತರ ಕಣ್ಣೆದುರಿಗೇ ಇದೆ. ಕೋಣೆಗಳ ನಡುನಡುವೆ ಆಕಾಶಕ್ಕೆ ತೆರೆದ ಅಂಗಳಗಳಿವೆ. ನಮ್ಮ ತೊಟ್ಟಿಮನೆಯ ತೊಟ್ಟಿಯಂತೆ, ಆದರೆ ಚಿಕ್ಕವು.

ಅಂಗಳದ ಕೆಲಸ ಬೆಳಕು ಕೊಡುವುದಷ್ಟೇ ಅಲ್ಲ. ಮನೆಯೊಳಗಿನ ಬೆಚ್ಚನೆಯ ಗಾಳಿ ಹೊರಗಿನದಕ್ಕಿಂತ ಹಗುರ. ಅದು ಅಂಗಳದ ಮೂಲಕ ಮೇಲಕ್ಕೇರಿದರೆ ಬೀದಿಬಾಗಿಲಿನಿಂದ ತಂಪಾದ ಗಾಳಿ ಒಳಕ್ಕೆ ಬರುತ್ತದೆ. ಹೊಗೆಗೂಡಿನ ತತ್ತ್ವವೇ ಇದು. ಲೆಕ್ಕ ಹಾಕೋಣ: ಎತ್ತರ ೧೦ ಮೀಟರ್, ಒಳಹೊರಗಿನ ಉಷ್ಣತೆಯ ವ್ಯತ್ಯಾಸ ೫ ಡಿಗ್ರಿ ಇದ್ದರೆ ದೊರೆಯುವ ಒತ್ತಡ ಸುಮಾರು ೨ ಪಾಸ್ಕಲ್, ೦.೨ ಮಿಲಿಮೀಟರ್ ಎತ್ತರದ ನೀರಿನ ಒತ್ತಡದಷ್ಟು. ಹಾಸ್ಯಾಸ್ಪದವಾಗಿ ಚಿಕ್ಕದು. ಆದರೂ ಅಡ್ಡಿಯೇ ಇಲ್ಲದಿದ್ದರೆ ಅದು ಗಾಳಿಯನ್ನು ಸೆಕೆಂಡಿಗೆ ೧.೮ ಮೀಟರ್ ವೇಗದಲ್ಲಿ ನಡೆಸಬಲ್ಲದು. ಬಾಗಿಲು ತಿರುವುಗಳ ಅಡ್ಡಿಯಿಂದ ಅರ್ಧವಾಯಿತೆನ್ನಿ, ಆಗಲೂ ಮೈಗೆ ತಟ್ಟುವಷ್ಟು ಗಾಳಿಯುಂಟು. ಹನೋಯಿಯಲ್ಲಿ ಜನಸಂಖ್ಯೆ ಹೆಚ್ಚಿದಂತೆ ಎಷ್ಟೋ ಮನೆಗಳ ಅಂಗಳಗಳಿಗೆ ಚಾವಣಿ ಹಾಕಿ ಕೋಣೆ ಮಾಡಿಕೊಂಡರು. ಅಂಥ ಮನೆಗಳಲ್ಲಿ ನಡುಹಗಲಿನಲ್ಲಿಯೂ ದೀಪ ಉರಿಯುತ್ತದೆ, ಹವಾನಿಯ ಯಂತ್ರದ ಬೆನ್ನು ಬೀದಿಗೆ ಬಿಸಿಗಾಳಿಯನ್ನು ಉಗುಳುತ್ತದೆ.

ಇದನ್ನು ನೋಡಲು ಹನೋಯಿಗೆ ಹೋಗಬೇಕಾದದ್ದಿಲ್ಲ. ವಿಜಯನಗರ, ಬಸವೇಶ್ವರನಗರಗಳಲ್ಲಿ ೨೦ ಅಡಿಗೆ ೩೦ ಅಡಿಯ ನಿವೇಶನಗಳ ಮೇಲೆ ಮೂರು ನಾಲ್ಕು ಅಂತಸ್ತು ಕಟ್ಟಿ, ಪಕ್ಕದ ಗೋಡೆಗೆ ಗೋಡೆ ಆನಿಸಿದ ಮನೆಗಳು ಎಷ್ಟಿಲ್ಲ? ಕೆಂಗೇರಿಯ ಕಡೆಯ ಹೊಸ ಬಡಾವಣೆಗಳಲ್ಲಿಯೂ ಇದೇ ಮಾದರಿ. ನಮ್ಮವೂ ಕೊಳವೆ ಮನೆಗಳೇ. ಉದ್ದಕ್ಕಿಲ್ಲದೆ ಎತ್ತರಕ್ಕಿವೆ, ಅಷ್ಟೆ. ಅವುಗಳಲ್ಲಿ ಅಂಗಳವಿಲ್ಲದಿದ್ದರೂ ಮೆಟ್ಟಿಲ ಗೂಡು ಇದ್ದೇ ಇರುತ್ತದೆ. ಅದು ತಾರಸಿಯಲ್ಲಿ ತೆರೆದುಕೊಂಡರೆ ಹೊಗೆಗೂಡಿನ ಕೆಲಸವನ್ನು ಮಾಡಬಲ್ಲದು. ಸಾಮಾನ್ಯವಾಗಿ ಅಲ್ಲಿ ತಗಡಿನ ಬಾಗಿಲು ಹಾಕಿ ಬೀಗವಿಟ್ಟಿರುತ್ತಾರೆ.

ಆಸಕ್ತಿಯುಳ್ಳ ವಿದ್ಯಾರ್ಥಿಗಳು ಏಪ್ರಿಲ್ ತಿಂಗಳ ಒಂದು ಸಂಜೆ, ಬಿಸಿಲು ಇಳಿದು ಹೊರಗಿನ ಗಾಳಿ ತಂಪಾದ ಮೇಲೆ, ಈ ಪರೀಕ್ಷೆ ಮಾಡಬಹುದು. ಮನೆಯ ಮುಂಬಾಗಿಲನ್ನು ತೆರೆದು ಹೊಸ್ತಿಲ ಬಳಿ ಊದಿನಕಡ್ಡಿ ಹಚ್ಚಿಡಿ. ತಾರಸಿಯ ಬಾಗಿಲು ಮುಚ್ಚಿರುವಾಗ ಹೊಗೆ ಹೇಗೆ ಏಳುತ್ತದೆಂದು ನೋಡಿ ಬರೆದುಕೊಳ್ಳಿ. ಅನಂತರ ಒಬ್ಬರು ಮೇಲೆ ಹೋಗಿ ಆ ಬಾಗಿಲನ್ನು ತೆರೆಯಲಿ. ಗಾಳಿ ಬೀಸದ ದಿನವಾದರೆ, ಅರ್ಧ ನಿಮಿಷದೊಳಗೆ ಹೊಗೆಯ ಎಳೆ ಮನೆಯ ಒಳಮುಖವಾಗಿ ಬಾಗತೊಡಗಬೇಕು. ಮೆಟ್ಟಿಲ ಗೂಡಿನ ಕೆಳಗೂ ಮೇಲೂ ಒಂದೊಂದು ಉಷ್ಣಮಾಪಕವನ್ನು ತೂಗುಹಾಕಿ, ಹೊರಗಿನ ಉಷ್ಣತೆಯನ್ನೂ ಗುರುತಿಸಿಕೊಂಡರೆ, ಮೇಲಿನ ಲೆಕ್ಕದ ೨ ಪಾಸ್ಕಲ್ ನಿಮ್ಮ ಮನೆಯಲ್ಲಿ ಎಷ್ಟಾಯಿತೆಂಬುದನ್ನು ನೀವೇ ಕಂಡುಹಿಡಿಯಬಹುದು.